ಪ್ರಾಸಕ್ಕೆ ಸಿಕ್ಕ ಊರು

1978ರ ಚಿಕ್ಕಮಗಳೂರು ಉಪಚುನಾವಣೆ ಅಂದ ತಕ್ಷಣ ಎಲ್ಲರೂ ಒಂದು ಹಿಂದಿ ಘೋಷಣೆ ಹೇಳ್ತಾರೆ. ಒಂದು ಕಡೆ ಒಬ್ಬಳೇ ಸಿಂಹಿಣಿ, ಇನ್ನೊಂದು ಕಡೆ ನೂರು ಲಂಗೂರ್, ಪ್ರಾಸಕ್ಕೆ ಚಿಕ್ಕಮಗಳೂರು. ಬಾಯಲ್ಲಿ ನಿಲ್ಲುವ ಘೋಷಣೆ, ಒಪ್ಪೋಣ. ಅದನ್ನೇ ಚರಿತ್ರೆ ಅಂದುಕೊಂಡಿದ್ದೀವಲ್ಲ, ಅದಕ್ಕೆ ನನ್ನ ತಕರಾರು. ಅದರಲ್ಲಿ ಸಿಂಹಿಣಿ ಇದ್ದಾಳೆ, ಕೋತಿಗಳಿವೆ, ವೋಟು ಹಾಕಿದವರು ಮಾತ್ರ ಇಲ್ಲ.

1977ರ ಮಾರ್ಚ್‌ನಲ್ಲಿ ಜನ ತುರ್ತು ಪರಿಸ್ಥಿತಿಯನ್ನು ಸೋಲಿಸಿದರು ಅಂತ ಓದಿದ್ದೀವಿ. ಉತ್ತರದ ಮಟ್ಟಿಗೆ ನಿಜ. ರಾಯ್‌ಬರೇಲಿಯಲ್ಲಿ ಸ್ವತಃ ಇಂದಿರಾ ಸೋತರು. ಕರ್ನಾಟಕದಲ್ಲಿ? 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ! ಮರುವರ್ಷ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟಿನಲ್ಲಿ ಇಂದಿರಾ, ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಗೆ ಹಾಕಿತು. 1979ರ ಜುಲೈಗೆ ಜನತಾ ಸರ್ಕಾರವೇ ಉರುಳಿತು. 1980ರ ಜನವರಿಯಲ್ಲಿ ಇಂದಿರಾ ವಾಪಸ್.

ಚಿಕ್ಕಮಗಳೂರು ಅಂದ್ರೆ ನಮಗೆ ಕಾಫಿ, ಮಂಜು, ಹೋಂಸ್ಟೇ. ಕಡೂರು, ತರೀಕೆರೆ, ಅಜ್ಜಂಪುರದ ಬಯಲು ನೆನಪಾಗಲ್ಲ. ಆ ಕಡೆ ಗೇಣಿಗೆ ಉಳುತ್ತಿದ್ದವನ ಜಾಗದಲ್ಲಿ ನಿಂತು ನೋಡಿ. ದೇವರಾಜ ಅರಸರ 1974ರ ಭೂಸುಧಾರಣಾ ತಿದ್ದುಪಡಿ ಉಳುವವನೇ ಒಡೆಯ ಅಂತು. ಭೂನ್ಯಾಯ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ, ರೈತನೇ ನಿಂತು ಮಾತಾಡಬೇಕಿತ್ತು. ಪಹಣಿಯಲ್ಲಿ ಹೆಸರು ಬರೋದು ಅಂದ್ರೆ ಅವನಿಗೆ ಸಣ್ಣ ವಿಷಯವಲ್ಲ.

ಅದೇ ವರ್ಷಗಳಲ್ಲಿ, 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳುತ್ತಿದ್ದರು. ಎಂಟು ತಿಂಗಳ ನಂತರ ಬಿಟ್ಟರು. ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಪಹಣಿ ಕೊಟ್ಟದ್ದೂ ಜೈಲಿಗೆ ಹಾಕಿದ್ದೂ ಒಂದೇ ಪಕ್ಷದ ಆಳ್ವಿಕೆ.

ಜಮೀನು ಸಿಕ್ಕಿತಲ್ಲ ಅಂತ ಈ ಸಾವನ್ನು ಲೆಕ್ಕದಿಂದ ಬಿಡೋಕಾಗಲ್ಲ. ಹಾಗಂತ ವೋಟು ಹಾಕಿದವರನ್ನು ದಡ್ಡರು ಅನ್ನೋದೂ ಸೋಮಾರಿತನ. ಸ್ವಾತಂತ್ರ್ಯ ವಾಪಸ್ ತಂದೆವು ಅಂದವರು, 'ನಿನ್ನ ಜಮೀನಿಗೂ ನಾವಿದ್ದೀವಿ' ಅನ್ನುವ ನಂಬಿಕೆಯನ್ನು ಆ ರೈತನಲ್ಲಿ ಹುಟ್ಟಿಸಬೇಕಿತ್ತು. ಸರ್ವಾಧಿಕಾರ ಬಿದ್ದ ಮಾರನೇ ದಿನ ಹೊಲಕ್ಕೆ ಹೋಗುವವನಿಗೆ ಏನು ಬದಲಾಯಿತು? ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ, ಬಿದ್ದದ್ದು ಮತ್ತೆ ಎದ್ದು ನಿಲ್ಲೋಕೆ ಮೂರು ವರ್ಷ ಸಾಕು.

ಪ್ರತಿ ಜೂನ್ 25ಕ್ಕೆ ತುರ್ತು ಪರಿಸ್ಥಿತಿಯ ಪೋಸ್ಟ್ ಹಾಕುವ ನಾವು ಜೈಲಿಗೆ ಹೋದವರ ಪಕ್ಕದಲ್ಲಿ ಈ ರೈತನಿಗೂ ಒಂದು ಸಾಲು ಕೊಡಬೇಕು. ಪ್ರಾಸ ಕೂಡದಿದ್ದರೂ ಪರವಾಗಿಲ್ಲ.