ಬಣ್ಣದ ಕೆಳಗಿನ ಮೈ

ಗೊಂಬೆಗಳನ್ನು ನೋಡುವ ಹವ್ಯಾಸವುಳ್ಳವನಿಗೆ ಪರಸ್ಥಳದಲ್ಲಿ ಒಂದೇ ರಾತ್ರಿ ತಂಗುವ ಅವಕಾಶ ದೊರೆತರೆ, ಅವನು ಹತ್ತು ಅಂಗಡಿಗಳ ಹೊಸ್ತಿಲು ತುಳಿಯುವುದಕ್ಕಿಂತ ಒಂದು ಗೊಂಬೆಯ ಮುಂದೆ ನೆಮ್ಮದಿಯಿಂದ ಕುಳಿತುಕೊಳ್ಳುವುದೇ ಲೇಸೆಂಬುದು ನನ್ನ ಬಹುಕಾಲದ ನಂಬುಗೆ. ಅದನ್ನು ಆಚರಣೆಗೆ ತರುವ ಪ್ರಸಂಗವು ಕೊರಿಯಾದ ಬೂಸಾನ್ ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಅಳಿಯಂದಿರ ದೆಸೆಯಿಂದ ಒದಗಿತು. ಅವರ ವೀಸಾದ ಬಗೆ ಬದಲಾಗಬೇಕಾಗಿದ್ದು, ಹೊಸದನ್ನು ದೇಶದ ಹೊರಗಿನಿಂದಲೇ ಪಡೆದು ಬರತಕ್ಕದ್ದೆಂದು ಅವರಿಗೆ ತಿಳಿಸಲಾಗಿತ್ತು. ಮಗಳನ್ನು ಕಾಣಲೆಂದು ಅಳವಂಡಿಯಿಂದ ಹೋಗಿದ್ದ ನಾನು, ಜಪಾನಿನ ವೀಸಾವನ್ನು ಮೊದಲೇ ಮಾಡಿಸಿಟ್ಟುಕೊಂಡಿದ್ದುದರಿಂದ, ಅವರೊಡನೆ ರಾತ್ರಿಯ ಹಡಗನ್ನೇರಿ, 200 ಕಿಲೋಮೀಟರಿಗೂ ಮಿಕ್ಕ ಕಡಲದಾರಿಯನ್ನು ನಿದ್ರೆಯಲ್ಲಿಯೇ ಕಳೆದು, ಬೆಳಗಿಗೆ ಫುಕುವೋಕಾ ನಗರದ ಹಕಾತಾ ಬಂದರಿನಲ್ಲಿ ಇಳಿದೆನು.

"ಮಾವಾರ, ನಾಳಿ ಮಧ್ಯಾಹ್ನತನಕ ಕಾಗದ ಕೈಗೆ ಬರಂಗಿಲ್ಲ, ನೀವು ನಿಮ್ಮ ಗೊಂಬಿ ನೋಡ್ಕೊಂಡ್ ಬರ್ರಿ" ಎಂದು ಹೇಳಿ ಅಳಿಯಂದಿರು ಕಚೇರಿಯ ಕಡೆಗೆ ನಡೆದರು.

ಹಕಾತಾದ ಮಣ್ಣಿನ ಗೊಂಬೆಯ ಕೀರ್ತಿ 1900ರ ಪ್ಯಾರಿಸ್ ಪ್ರದರ್ಶನದಿಂದೀಚೆಗೆ ಲೋಕವಿದಿತ. 1976ರಲ್ಲಿ ಜಪಾನ್ ಸರಕಾರವು ಅದನ್ನು ಪಾರಂಪರಿಕ ಕಲೆಯೆಂದು ಮಾನ್ಯಮಾಡಿತು. ಆ ಗೊಂಬೆಯನ್ನರಸಿ ಹೊಕ್ಕ ಕುಶಿದಾ ದೇವಾಲಯದ ಆವರಣದಲ್ಲಿ ಮೊದಲು ಕಣ್ಣಿಗೆ ಬಿದ್ದುದು ಅಲ್ಲಿಯ ಉತ್ಸವದ ಅಲಂಕೃತ ತೇರು. ಹತ್ತು ಮೀಟರಿಗೂ ಎತ್ತರವಾದ ಅದರ ಮೈತುಂಬ ವೀರರೂ ದೇವತೆಗಳೂ ಗೊಂಬೆಗಳಾಗಿ ಕಿಕ್ಕಿರಿದಿದ್ದರು. ಜುಲೈ 15ರ ನಸುಕಿನಲ್ಲಿ ಗಂಡಸರು ಹೆಗಲ ಮೇಲೆ ಹೊತ್ತು ಓಡುವ ತೇರುಗಳು ಬೇರೆ, ಇದಕ್ಕಿಂತ ಗಿಡ್ಡನೆಯವು. ಎರಡಕ್ಕೂ ಬೊಂಬೆಗಳನ್ನು ಮಾಡಿಕೊಡುವವರು ಹಕಾತಾದ ಕುಶಲಕರ್ಮಿಗಳೇ. ನಮ್ಮ ಕಡೆಯ ಗವಿಮಠದ ತೇರಿನ ಹಗ್ಗಕ್ಕೆ ಬಾಲ್ಯದಲ್ಲಿ ಕೈಯೊಡ್ಡಿದ್ದ ನನಗೆ, ಚಕ್ರವಿಲ್ಲದ ತೇರೆಂಬ ಕಲ್ಪನೆಯೇ ಬಹಳ ಹೊತ್ತಿನ ಸೋಜಿಗವಾಯಿತು.

ಗುಡಿಯ ಎದುರಿನ ಜಾನಪದ ಸಂಗ್ರಹಾಲಯದಲ್ಲಿ ನಾನು ಒಂದು ಹೆಣ್ಣುಗೊಂಬೆಯ ಮುಂದೆ ನಿಂತುಬಿಟ್ಟೆನು. ಅಚ್ಚಿನಲ್ಲಿ ಪೊಳ್ಳಾಗಿ ರೂಪುಗೊಂಡು, ಒಣಗಿ, ಸುಮಾರು 900 ಡಿಗ್ರಿ ಉರಿಯಲ್ಲಿ ಬೆಂದು ಬಂದ ಆ ಮಣ್ಣಿಗೆ ಹೊಳಪಿನ ಲೇಪವಿಲ್ಲ. ಬಣ್ಣವು ಮೈಯಲ್ಲಿ ಇಂಗಿದಂತಿದ್ದು, ಬೆಳಕು ಅದರ ಮೇಲೆ ಜಾರದೆ ನಿಲ್ಲುತ್ತದೆ. ಕೆನ್ನೆಯ ನಸುಗೆಂಪು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತೆಂಬುದನ್ನು ಕಣ್ಣು ಅರಸಿ ಸೋತಿತು. ಅವಳ ದೃಷ್ಟಿ ಕೆಳಗಿತ್ತು. ನಮ್ಮ ಕಡೆಯ ಕಿನ್ನಾಳವೆಂಬ ಊರಿನ ಮರದ ಗೊಂಬೆಗಳಲ್ಲಿ ಗರುಡನಾಗಲಿ ಗೌರಿಯಾಗಲಿ ಹಾಗೆ ದೃಷ್ಟಿ ತಗ್ಗಿಸುವವರಲ್ಲ. ಅಗಲವಾದ ಕಣ್ಣು ತೆರೆದು, ಬಂದ ಭಕ್ತನನ್ನು ನೆಟ್ಟಗೆ ನೋಡತಕ್ಕವರು.

ಆದರೂ ನನ್ನ ಮನಸ್ಸು ಹಿಡಿದು ನಿಂತುದು ಬಣ್ಣದ ಕೆಳಗಿನ ಮೈಯನ್ನು. ಕಿನ್ನಾಳದ ಚಿತ್ರಗಾರರು ಹಗುರವಾದ ಪೊಲ್ಕಿ ಮರವನ್ನು ಕೆತ್ತಿ ಜೋಡಿಸಿದ ತರುವಾಯ, ಸೆಣಬಿನ ಚಿಂದಿಯನ್ನು ನೆನೆಯಿಟ್ಟು, ಒಣಗಿಸಿ, ಪುಡಿಮಾಡಿ, ಅರೆದ ಹುಣಸೆಬೀಜದ ಸರಿಯೊಡನೆ ಕಲಸಿ, ಕಿಟ್ಟವೆಂದು ಕರೆಯುವ ಆ ಮುದ್ದೆಯನ್ನು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಅದೇ ಸರಿಯಿಂದ ಅರಿವೆಯ ತುಣುಕುಗಳನ್ನು ಅಂಟಿಸಿ, ಅವುಗಳ ಮೇಲೆ ಹರಳುಕಲ್ಲಿನ ಪುಡಿಯ ಲೇಪ ಹಚ್ಚಿದಮೇಲಷ್ಟೇ ಬಣ್ಣ. ಒಡವೆಗಳ ಉಬ್ಬುಗೆಲಸವೂ ಆ ಪುಡಿಯದೇ. ಈ ತಳವನ್ನು ಅವಸರದಲ್ಲಿ ಮುಗಿಸಿದ ಗೊಂಬೆಯು ಎಷ್ಟು ಥಳಥಳಿಸಿದರೂ ನಾನು ಕೊಳ್ಳಲಾರೆ. ಬೇಗನೆ ಒಣಗುವ ಅಂಗಡಿಯ ಬಣ್ಣವನ್ನು ಬೇಡುವ ಗಿರಾಕಿಗಳು ನಮ್ಮ ಕಲೆಗೆ ಅಪಚಾರವೆಸಗುತ್ತಿದ್ದಾರೆಂದೇ ನನ್ನ ಎಣಿಕೆ.

ಮರುದಿನ ಅಳಿಯಂದಿರ ಕೆಲಸ ನೆರವೇರಿತು. ನಾನು ಕೊಂಡದ್ದು ಗೇಣುದ್ದದ ಒಂದು ಗೊಂಬೆ. ಊರಿಗೆ ಮರಳಿದಮೇಲೆ ಅದನ್ನು ಕಿನ್ನಾಳಕ್ಕೆ ಒಯ್ದು, ಬಹುಕಾಲದ ಪರಿಚಯದ ಹಿರಿಯ ಚಿತ್ರಗಾರರೊಬ್ಬರ ಕೈಗಿತ್ತೆನು. ಅವರು ಅದರ ಮುಖವನ್ನು ನೋಡಲಿಲ್ಲ; ಬೋರಲು ಹಾಕಿ, ತಳದ ತೂತಿನಲ್ಲಿ ಕಿರುಬೆರಳಿಟ್ಟು ಒಳಮೈಯನ್ನು ಸವರಿದರು.

"ಇದು ಬೆಂಕಿ ಉಂಡ ಮಣ್ಣೈತ್ರಿ. ನಮ್ಮ ಕಟಿಗಿ ಸುಡಾಕ ಬರಂಗಿಲ್ಲ ನೋಡ್ರಿ, ಅದಕ್ಕ ನಾವು ಹುಣಸಿ ಬೀಜ ಅರೀತೀವಿ" ಎಂದರು.