ಪುನರ್ಬಳಕೆಯ ಘಟಕಗಳೂ ಸ್ಕ್ರಿಪ್ಟ್ ಕಡತಗಳೂ: ಒಂದು ವಿಮರ್ಶೆ

ನಮ್ಮ ವಿಭಾಗದ ಶಾಸನಸೂಚಿಯ ವೆಬ್ ಪುಟದಲ್ಲಿ ಟಿಪ್ಪಣಿ ಬರೆಯುವ ನಮೂನೆಯೊಂದುಂಟು. ಪಟ್ಟಿಯ ತಲೆಯಲ್ಲಿಯೂ ಬುಡದಲ್ಲಿಯೂ ಅದನ್ನೇ ಇರಿಸಿದಂದಿನಿಂದ, ಗುಂಡಿಯನ್ನು ಒಮ್ಮೆ ಒತ್ತಿದರೆ ಟಿಪ್ಪಣಿ ಎರಡು ಸಲ ದಾಖಲಾಗತೊಡಗಿತು. ನಮೂನೆಯೊಳಗೇ ಸೇರಿಸಿದ್ದ ಸ್ಕ್ರಿಪ್ಟ್ ಕಡತವು ಎರಡು ಬಾರಿ ನಡೆದುದೇ ಇದಕ್ಕೆ ಕಾರಣ. ತಪ್ಪು ನಮ್ಮದೇ ಸರಿ. ಆದರೆ ಆಧಾರಗಳನ್ನು ಎಣಿಸಿ ತೂಗುವವರಿಗೆ ಇದು ಅಲ್ಪದೋಷವಲ್ಲ. ಈ ನಿಮಿತ್ತದಿಂದ, ದೀರ್ಘ ಚರಿತ್ರೆಯುಳ್ಳ ಎಎಸ್‌ಪಿ ಡಾಟ್ ನೆಟ್ ಎಂಬ ಚೌಕಟ್ಟು ಈ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಪರಿಶೀಲಿಸಿದೆವು.

ಒಮ್ಮೆ ರಚಿಸಿ ಹಲವೆಡೆ ಬಳಸುವ ಭಾಗವೇ ಘಟಕ. ತನಗೆ ಯಾವ ಸ್ಕ್ರಿಪ್ಟ್ ಬೇಕೆಂಬುದನ್ನು ಘಟಕವು ಬಲ್ಲುದು. ಅದು ಆಗಲೇ ಬಂದಿದೆಯೇ ಎಂಬುದನ್ನು ಬಲ್ಲುದು ಪುಟ ಮಾತ್ರ. 2002ರ ವೆಬ್ ಫಾರ್ಮ್ಸ್ ಇದನ್ನು ಅರಿತಿತ್ತು. ಘಟಕವು ಒಂದು ಹೆಸರಿನಡಿ ತನ್ನ ಸ್ಕ್ರಿಪ್ಟನ್ನು ಪುಟದ ಬಳಿ ನೋಂದಾಯಿಸುತ್ತಿತ್ತು. ಅದೇ ಹೆಸರು ಮತ್ತೆ ಬಂದರೆ ಪುಟವು ಅದನ್ನು ಕೈಬಿಡುತ್ತಿತ್ತು. ಊರಿನ ಶಾನುಭೋಗರ ಲೆಕ್ಕದಂತೆ ಸರಳವಾದ ಏರ್ಪಾಡು.

ವೆಬ್ ಫಾರ್ಮ್ಸಿನ ಪುಟಗಳು ಭಾರವಾಗಿದ್ದುವೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಅನಂತರ ಬಂದ ಎಂವಿಸಿ ಪದ್ಧತಿಯು ಹೊಟ್ಟಿನೊಡನೆ ಕಾಳನ್ನೂ ತೂರಿತೆಂದು ನಮ್ಮ ಅಭಿಪ್ರಾಯ. 2011ರಲ್ಲಿ ರೇಜರ್ ಬರವಣಿಗೆಯೊಡನೆ ಸ್ಕ್ರಿಪ್ಟುಗಳಿಗಾಗಿ ‘ಸೆಕ್ಷನ್’ ದೊರೆಯಿತು. ಆದರೆ ಪಾರ್ಷಿಯಲ್ ವ್ಯೂನಲ್ಲಿ ಬರೆದ ಸೆಕ್ಷನ್ ಪುಟವನ್ನು ಸೇರುವುದೇ ಇಲ್ಲ. 2016ರ ವ್ಯೂ ಕಾಂಪೊನೆಂಟಿಗೂ ಇದೇ ಗತಿ. ಆದುದರಿಂದ ಘಟಕವನ್ನು ಕರೆಯುವ ಪ್ರತಿಯೊಂದು ಪುಟವೂ ಅದರ ಒಳಗುಟ್ಟನ್ನು ತಿಳಿದು, ಕಡತವನ್ನು ತಾನೇ ಸೇರಿಸಬೇಕಾಯಿತು. ಹೀಗಿರಲು ಪುನರ್ಬಳಕೆಯೆಂಬ ಮಾತಿಗೆ ಅರ್ಥವೇನು?

2019ರಲ್ಲಿ ಚೌಕಟ್ಟಿನೊಳಗೆ ಸೇರಿದ ಬ್ಲೇಜರ್, ಘಟಕದೊಳಗಿನ ಸ್ಕ್ರಿಪ್ಟ್ ಟ್ಯಾಗನ್ನು 2023ರವರೆಗೆ ತಪ್ಪೆಂದೇ ನಿರಾಕರಿಸುತ್ತಿತ್ತು. 2020ರ ಡಾಟ್ ನೆಟ್ 5ರಿಂದ ಘಟಕವು ತನಗೆ ಬೇಕಾದ ಕಡತವನ್ನು ಮಾಡ್ಯೂಲಾಗಿ ತಾನೇ ತರಿಸಿಕೊಳ್ಳಬಹುದು. ಮರುವರ್ಷದಿಂದ ಆ ಕಡತವನ್ನು ಘಟಕದ ಪಕ್ಕದಲ್ಲಿಯೇ ಇಡಬಹುದು. ಒಂದೇ ವಿಳಾಸದ ಮಾಡ್ಯೂಲನ್ನು ಬ್ರೌಸರು ಒಂದು ಪುಟದಲ್ಲಿ ಒಮ್ಮೆ ಮಾತ್ರ ನಡೆಸುತ್ತದೆ. ಹೊಸದೆಂದು ಬಂದ ಈ ಸೌಕರ್ಯವು ಮೂಲತಃ 2002ರ ನೋಂದಣಿಯೇ. ಪುಸ್ತಕ ಹಿಡಿಯುವ ಕೈ ಮಾತ್ರ ಪುಟದಿಂದ ಬ್ರೌಸರಿಗೆ ಬದಲಾಗಿದೆ.

ಕೊರತೆಗಳಿಲ್ಲವೆಂದಲ್ಲ. ಕಡತದ ದಾರಿಯನ್ನು ಬರಿಯ ಅಕ್ಷರಮಾಲೆಯಾಗಿ ಬರೆಯುವುದರಿಂದ, ಕಡತದ ಹೆಸರು ಬದಲಾದರೆ ಪುಟ ತೆರೆದ ಮೇಲೆಯೇ ತಪ್ಪು ಗೊತ್ತಾಗುತ್ತದೆ.

ನಮ್ಮ ನಮೂನೆಯ ಸ್ಕ್ರಿಪ್ಟನ್ನೂ ಈಗ ಮಾಡ್ಯೂಲಾಗಿ ಮಾರ್ಪಡಿಸಿದ್ದೇವೆ. ಎರಡೆರಡಾಗಿ ನಿಂತ ಹಳೆಯ ಟಿಪ್ಪಣಿಗಳನ್ನು ಮಾತ್ರ ಒಂದೊಂದಾಗಿ ಓದಿ, ಕೈಯಿಂದಲೇ ತೆಗೆಯುತ್ತಿದ್ದೇವೆ.