ಸುಣ್ಣದ ಬಿಲ್ಲೆ, ನಾಲ್ಕು ವರ್ಷದ ಹೆಪ್ಪು

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಮಾಡಿಸಿದ ಒಂದು ಪ್ರಯೋಗ ಇಂದಿಗೂ ನನ್ನ ಕಣ್ಣ ಮುಂದಿದೆ. ಎಲೆಅಡಿಕೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಗಾಜಿನ ಲೋಟಕ್ಕೆ ಬಸಿದುಕೊಂಡೆವು. ಕೊಳವೆ ಇಟ್ಟು ಉಸಿರು ಊದಿದಾಗ ನೀರು ಹಾಲಿನಂತಾಯಿತು. ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇದೆ ಎಂದು ಬರೆದುಕೊಂಡು ಲೋಟ ತೊಳೆಯಲು ಎದ್ದೆವು. ಮೇಷ್ಟ್ರು ಬಿಡಲಿಲ್ಲ, ‘ಇನ್ನೂ ಊದ್ರೋ’ ಎಂದರು. ಕೆನ್ನೆ ನೋಯುವ ತನಕ ಊದಿದೆವು. ಬಿಳುಪು ತೆಳುವಾಗುತ್ತಾ ಬಂತು, ಕೊನೆಗೆ ನೀರು ಮತ್ತೆ ತಿಳಿಯಾಯಿತು. ಮೊದಲು ಬಿಳಿಯ ಗಷ್ಟು ಕಟ್ಟಿಸಿದ ಅನಿಲವೇ, ಹೆಚ್ಚಾದಾಗ, ಅದನ್ನು ಕರಗಿಸಿಬಿಟ್ಟಿತ್ತು.

ಸಾಗರದ ಆಮ್ಲೀಕರಣ ಎಂಬ ದೊಡ್ಡ ಮಾತಿನ ಹಿಂದಿರುವ ರಸಾಯನಶಾಸ್ತ್ರ ಹೆಚ್ಚುಕಡಿಮೆ ಆ ಪ್ರಯೋಗದ ಎರಡನೇ ಅರ್ಧ. ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಕೈಗಾರಿಕೆಗಳು ಶುರುವಾಗುವ ಮೊದಲು 8.2ರ ಆಸುಪಾಸಿನಲ್ಲಿದ್ದ ಮೇಲ್ನೀರಿನ ಪಿಎಚ್ ಈಗ 8.1ಕ್ಕೆ ಬಂದಿದೆ. ನೋಡಲು ಪುಟ್ಟ ಇಳಿಕೆ. ಆದರೆ ಆ ಅಳತೆಯಲ್ಲಿ ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟಾದಂತೆ, ಹಾಗಾಗಿ ಇಷ್ಟಕ್ಕೇ ಅವು ಶೇಕಡಾ 30ರ ಹತ್ತಿರ ಹೆಚ್ಚಿವೆ. ನೀರು ಇನ್ನೂ ಕ್ಷಾರೀಯವೇ. ಸಾಗುತ್ತಿರುವ ದಿಕ್ಕು ಮಾತ್ರ ಆಮ್ಲದ ಕಡೆಗೆ.

ಈ ನೀರಿನಲ್ಲಿ ಸುಣ್ಣದ ಕವಚ ತೊಟ್ಟು ತೇಲುವ ಒಂದು ಏಕಕೋಶಿ ಪಾಚಿ ಇದೆ. ಎಮಿಲಿಯಾನಿಯಾ ಹಕ್ಸ್‌ಲೆಯಿ ಎಂಬುದು ಅದರ ಹೆಸರು. ವರ್ಗೀಕರಣ ಮಾಡುವವರಲ್ಲಿ ಕೆಲವರು ಈಗ ಅದನ್ನು ಜೆಫೈರೋಕ್ಯಾಪ್ಸಾ ಕುಲಕ್ಕೆ ಸೇರಿಸಿದ್ದಾರೆ. ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಐದರಷ್ಟು ಅಗಲದ ದುಂಡು ಕೋಶ. ಅದರ ಮೈತುಂಬ ಸುಣ್ಣದ ಬಿಲ್ಲೆಗಳು, ಒಂದರ ಅಂಚು ಇನ್ನೊಂದರ ಮೇಲೆ ಹತ್ತಿ ಕೂತಿರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಒಂದೊಂದು ಬಿಲ್ಲೆಯೂ ಕಡ್ಡಿಗಳನ್ನು ಸುತ್ತ ಜೋಡಿಸಿದ ಬಂಡಿಚಕ್ರದ ಹಾಗೆ ಕಾಣುತ್ತದೆ. ಇಷ್ಟು ಸಣ್ಣ ಜೀವಿ ಕೋಟಿಗಟ್ಟಲೆ ಕೂಡಿ ಹಬ್ಬಿದಾಗ ಕಡಲು ಹಾಲು ಬೆರೆಸಿದ ಹಸಿರುನೀಲಿಯಾಗಿ ಉಪಗ್ರಹದ ಕಣ್ಣಿಗೂ ಬೀಳುತ್ತದೆ. ಸತ್ತ ಮೇಲೆ ಈ ಸುಣ್ಣದ ತೂಕವೇ ಕೋಶದ ಇಂಗಾಲವನ್ನೂ ಹೊತ್ತುಕೊಂಡು ಆಳಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಡೋವರ್‌ನ ಬಿಳಿ ಬಂಡೆಗಳು ಇದರ ಹಳೆಯ ಬಂಧುಗಳ ಬಿಲ್ಲೆಗಳೇ.

2012ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಕೈ ಲೋಬೆಕ್, ಉಲ್ಫ್ ರೀಬೆಸೆಲ್, ಥಾರ್ಸ್ಟನ್ ರಾಯ್ಷ್ ಅವರ ಪ್ರಬಂಧ, ಈ ಪಾಚಿ ಆಮ್ಲೀಕರಣಕ್ಕೆ ತಕ್ಕಂತೆ ವಿಕಾಸ ಹೊಂದಬಲ್ಲುದೇ ಎಂದು ಕೇಳಿತು. ಈ ಪ್ರಬಂಧವನ್ನೂ, ಅದೇ ಬಳಗದಿಂದ 2016ರಲ್ಲಿ ಬಂದ ಅದರ ಮುಂದುವರಿಕೆಯನ್ನೂ ಜೊತೆಗಿಟ್ಟು ಓದಬೇಕು ಎಂಬುದು ನನ್ನ ಹಟ. ಮೊದಲನೆಯದನ್ನು ಮಾತ್ರ ಓದಿ ಸಮಾಧಾನಪಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಎರಡನೆಯದನ್ನು ಓದುವ ತನಕ ನನ್ನದೂ ಅದೇ ಸಮಾಧಾನವಾಗಿತ್ತು.

ಪ್ರಯೋಗದ ವಿನ್ಯಾಸ ಸರಳ. ನಾರ್ವೆಯ ಬೆರ್ಗೆನ್ ಬಳಿಯ ಕಡಲಿನಿಂದ ತಂದ ಪಾಚಿಯನ್ನು ಜರ್ಮನಿಯ ಕೀಲ್ ನಗರದ ಪ್ರಯೋಗಾಲಯದಲ್ಲಿ ಮೂರು ಬಗೆಯ ನೀರಿನಲ್ಲಿ ಬೆಳೆಸಿದರು. ಒಂದರಲ್ಲಿ ಕಾರ್ಬನ್ ಡೈಆಕ್ಸೈಡಿನ ಒತ್ತಡ 400 ಮೈಕ್ರೋಅಟ್ಮಾಸ್ಫಿಯರ್, ಅಂದರೆ ಈ ಕಾಲದ ಗಾಳಿಗೆ ಹತ್ತಿರ, ಇನ್ನೊಂದರಲ್ಲಿ 1100, ಮತ್ತೊಂದರಲ್ಲಿ 2200. ಐದು ದಿನಕ್ಕೊಮ್ಮೆ ಸುಮಾರು ಒಂದು ಲಕ್ಷ ಕೋಶಗಳನ್ನು ಹೊಸ ನೀರಿಗೆ ದಾಟಿಸುವುದು. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ ಹೆಪ್ಪಾದಂತೆ. ಒಂದು ವರ್ಷದಲ್ಲಿ 500 ತಲೆಮಾರು ಕಳೆದವು.

ಈ ಪ್ರಯೋಗದಲ್ಲಿ ನಾನು ಬಹಳ ಮೆಚ್ಚುವುದು ಕೊನೆಗೆ ಅವರು ಮಾಡಿದ ಹೋಲಿಕೆಯನ್ನು. ಕನ್ನಡದಲ್ಲಿ ಒಗ್ಗುವುದು ಬೇರೆ, ವಿಕಾಸದ ಅರ್ಥದ ಹೊಂದಾಣಿಕೆ ಬೇರೆ. ಮಲೆನಾಡಿಗೆ ಬಂದ ಬಯಲುಸೀಮೆಯವನಿಗೆ ನಾಲ್ಕು ಮಳೆಗಾಲದಲ್ಲಿ ಚಳಿ ಒಗ್ಗುತ್ತದೆ. ಅವನ ರಕ್ತ ಬದಲಾಗಿರುವುದಿಲ್ಲ. ಪಾಚಿಯಲ್ಲಿ ಕಂಡದ್ದು ಒಗ್ಗಿಕೆಯೋ, ವಂಶದಲ್ಲೇ ಆದ ಬದಲಾವಣೆಯೋ? ಇದನ್ನು ತಿಳಿಯಲು ಅವರು 400ರ ನೀರಿನಲ್ಲೇ 500 ತಲೆಮಾರು ಬಾಳಿದ ಪಾಚಿಯನ್ನೂ ಹೆಚ್ಚು ಅನಿಲದ ನೀರಿಗೆ ತಂದು, ಒಗ್ಗಲು ಸಮಯ ಕೊಟ್ಟು, ಆಮೇಲೆ ಇಬ್ಬರನ್ನೂ ಒಂದೇ ನೀರಿನಲ್ಲಿ ಅಳೆದರು. ಆಗಲೂ ವ್ಯತ್ಯಾಸ ಉಳಿದರೆ ಅದು ವಂಶದ್ದು. ಜೊತೆಗೆ ಒಂದು ಸರಣಿಯನ್ನು ಒಂದೇ ತಾಯಿಕೋಶದ ಸಂತಾನದಿಂದ ಶುರುಮಾಡಿದ್ದರು. ಅಲ್ಲಿ ಏನೇ ಬದಲಾದರೂ ಅದು ಹೊಸದಾಗಿ ಹುಟ್ಟಿದ ಮಾರ್ಪಾಡಾಗಿರಬೇಕು. ಇನ್ನೊಂದು ಸರಣಿ ಆರು ವಂಶಗಳ ಬೆರಕೆ. ಅಲ್ಲಿ ಇದ್ದವರಲ್ಲೇ ತಕ್ಕವರನ್ನು ಆರಿಸಿಕೊಳ್ಳುವ ಅವಕಾಶವಿತ್ತು.

ಎರಡರಲ್ಲೂ ಉತ್ತರ ಬಂತು. ಹೆಚ್ಚು ಅನಿಲದಲ್ಲಿ ಬಾಳಿ ಬಂದ ಪಾಚಿ ಆ ನೀರಿನಲ್ಲಿ ಬೇಗ ಬೆಳೆಯಿತು. ಸುಣ್ಣ ಕಟ್ಟುವುದು ಎಲ್ಲರಲ್ಲೂ ಕುಗ್ಗಿತ್ತು, ಆದರೆ ಹೊಂದಿಕೊಂಡವುಗಳಲ್ಲಿ ಅದು ಹೊಂದಿಕೊಳ್ಳದವುಗಳಿಗಿಂತ ಶೇಕಡಾ 50ರವರೆಗೆ ಹೆಚ್ಚಿತ್ತು. ಇದರ ಮೇಲೆ ಲೇಖಕರು ಒಂದು ಆಶಯ ಸೂಚಿಸಿದರು: ಕಡಲಿನ ಆಹಾರ ಸರಪಳಿಯ ಬುಡದಲ್ಲಿ ನಡೆಯುವ ಕೆಲಸಗಳು ಬದಲಾದ ಕಾಲದಲ್ಲೂ ನಡೆದುಕೊಂಡು ಹೋಗಲು ವಿಕಾಸ ನೆರವಾಗಬಹುದು. ಎಚ್ಚರಿಕೆಯಿಂದ ಹೇಳಿದ ಮಾತೇ. ಆದರೂ ನನ್ನ ಆಕ್ಷೇಪ ಇರುವುದು ಇಲ್ಲಿಯೇ.

‘ಹೊಂದಾಣಿಕೆ’ ಎಂದೊಡನೆ ನಮ್ಮ ಕಿವಿಗೆ ಇಬ್ಬರೂ ಬಗ್ಗಿ ಸಂಸಾರ ನಡೆಸಿಕೊಂಡು ಹೋಗುವ ಅರ್ಥ ಕೇಳಿಸುತ್ತದೆ. ಪಾಚಿ ಹೊಂದಿಕೊಂಡಿತು ಎಂದರೆ ಮೀನೂ ಉಳಿಯಿತು, ನಾವೂ ಉಳಿದೆವು ಎಂದು ಮನಸ್ಸು ಓಡುತ್ತದೆ. ಜೀವವಿಜ್ಞಾನದ ಹೊಂದಾಣಿಕೆಯಲ್ಲಿ ಅಂಥ ಒಪ್ಪಂದವಿಲ್ಲ. ಆ ಕೋಶದ ಸಂತಾನ ಪಕ್ಕದ ಕೋಶದ ಸಂತಾನಕ್ಕಿಂತ ಹೆಚ್ಚಾಗಬೇಕು, ಅಷ್ಟೇ ಅದರ ಲೆಕ್ಕ. ಇಂಗಾಲವನ್ನು ಆಳಕ್ಕೆ ಇಳಿಸುವ ಬಿಲ್ಲೆ ನಮಗೆ ಬೇಕಾದದ್ದು. ಪಾಚಿಗೆ ಅದು ಖರ್ಚಿನ ಬಾಬತ್ತು. ಒಂದು ಬಿಲ್ಲೆ ಕಟ್ಟುವಾಗ ಕೋಶದ ಒಳಗೆ ಹೈಡ್ರೋಜನ್ ಅಯಾನುಗಳು ಮಿಗುತ್ತವೆ, ಅವನ್ನು ಹೊರಗೆ ಹಾಕಲೇಬೇಕು. ಹೊರಗಿನ ನೀರಿನಲ್ಲೂ ಅವೇ ತುಂಬಿಕೊಂಡಾಗ ಇದು ಕಷ್ಟವಾಗುತ್ತದೆ. ಹೊಳೆ ಉಕ್ಕಿದ ದಿನ ಅಂಗಳದ ನೀರನ್ನು ಹೊಳೆಗೇ ಎತ್ತಿ ಹಾಕುವ ಪಾಡು ಅದರದು. ಹಾಗಿರುವಾಗ ಬೇಗ ಬೆಳೆಯುವುದೂ ಬಿಲ್ಲೆ ಕಟ್ಟುವುದೂ ಜೊತೆಜೊತೆಯಾಗಿ ಸುಧಾರಿಸುತ್ತವೆ ಎಂದು ನಂಬಲು ಒಂದು ವರ್ಷದ ಫಲಿತಾಂಶ ಸಾಲದಾಗಿತ್ತು.

ಈ ಪಾಚಿಯ ವಿಷಯದಲ್ಲಿ ಆತುರದ ತೀರ್ಮಾನಗಳಿಗೆ ಮೊದಲೂ ಪೆಟ್ಟು ಬಿದ್ದಿತ್ತು. ಇದೇ ರೀಬೆಸೆಲ್ ಮತ್ತು ಸಂಗಡಿಗರು 2000ದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಸುಣ್ಣ ಕಟ್ಟುವುದು ತಗ್ಗುತ್ತದೆ ಎಂದು ತೋರಿಸಿದ್ದರು. 2008ರಲ್ಲಿ ಡೆಬೋರಾ ಇಗ್ಲೇಸಿಯಾಸ್ ರೋಡ್ರಿಗಸ್ ಅವರ ತಂಡ ಅದು ಹೆಚ್ಚುತ್ತದೆ ಎಂದಿತು. ನೀರಿಗೆ ಆಮ್ಲ ಸುರಿಯುವುದೋ, ಅನಿಲವನ್ನೇ ಗುಳ್ಳೆಯಾಗಿ ಹಾಯಿಸುವುದೋ ಎಂದು ವಿಧಾನದ ಜಗಳ ಎದ್ದಿತು. ಒಂದೇ ಪ್ರಭೇದದ ಬೇರೆಬೇರೆ ತಳಿಗಳು ಬೇರೆಬೇರೆಯಾಗಿ ವರ್ತಿಸುತ್ತವೆ ಎಂಬುದು ಆಮೇಲೆ ಗೊತ್ತಾಯಿತು.

ಇನ್ನು 2016ರ ಪ್ರಬಂಧ, ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಲೋಥರ್ ಶ್ಲ್ಯೂಟರ್ ಮುಂದಾಳಾಗಿ ಬರೆದದ್ದು. ಒಂದೇ ತಾಯಿಕೋಶದ ಆ ಸರಣಿಯನ್ನು ಅವರು ನಿಲ್ಲಿಸಿರಲಿಲ್ಲ. ಐದು ದಿನಕ್ಕೊಮ್ಮೆ ಹೆಪ್ಪು ಹಾಕುತ್ತಲೇ ನಾಲ್ಕು ವರ್ಷ ನಡೆಸಿದರು. ಲೆಕ್ಕ ಹಾಕಿದರೆ ಮುನ್ನೂರರ ಹತ್ತಿರ ಸಲ, 2100 ತಲೆಮಾರು. ಹಬ್ಬ, ಹರಿದಿನ, ಜ್ವರ ಯಾವುದಕ್ಕೂ ಬಿಡುವಿಲ್ಲದ ಚಾಕರಿ. ಒಳ್ಳೆಯ ಹೆಸರು ತಂದುಕೊಟ್ಟ ಪ್ರಬಂಧವೊಂದು ಅಚ್ಚಾದ ಮೇಲೂ ಅದೇ ಸೀಸೆಗಳ ಮುಂದೆ ಕೂತವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಸಿಕ್ಕ ಉತ್ತರ ಮೊದಲಿನದನ್ನು ತಿರುವಿ ಹಾಕಿತು. ಬೆಳವಣಿಗೆಯ ವೇಗ 1100ರಲ್ಲಿ ಶೇಕಡಾ 3.4ರಷ್ಟು, 2200ರಲ್ಲಿ ಶೇಕಡಾ 4.8ರಷ್ಟು ಮಾತ್ರ ಹೆಚ್ಚಿತ್ತು. ಅಲ್ಪ ಎನಿಸಬಹುದು, ಆದರೆ ಇದು ಚಕ್ರಬಡ್ಡಿಯ ಲೆಕ್ಕ. ದಿನಕ್ಕೊಮ್ಮೆ ಇಮ್ಮಡಿಯಾಗುವ ಕೋಶದ ಪಕ್ಕದಲ್ಲಿ ಶೇಕಡಾ 3.4ರಷ್ಟು ಚುರುಕಾದ ಕೋಶವಿದ್ದರೆ ಒಂದು ತಿಂಗಳಿಗೆ ಅದರ ಸಂತಾನ ಎರಡು ಪಟ್ಟು, ಎರಡು ತಿಂಗಳಿಗೆ ನಾಲ್ಕು ಪಟ್ಟು. ಪಾಚಿಯ ದೃಷ್ಟಿಯಿಂದ ಇದು ಗೆಲುವೇ. ಸುಣ್ಣದ ಕಥೆ ಮಾತ್ರ ಬೇರೆ. ಮೊದಲ ವರ್ಷದಲ್ಲಿ ಚೇತರಿಸಿಕೊಂಡಿದ್ದ ಸುಣ್ಣ ಕಟ್ಟುವ ಶಕ್ತಿ ಆಮೇಲೆ ಕುಸಿಯಿತು. ಎಷ್ಟರಮಟ್ಟಿಗೆಂದರೆ, ಹೊಂದಿಕೊಂಡ ಪಾಚಿ ಆ ನೀರಿನಲ್ಲಿ ಹೊಂದಿಕೊಳ್ಳದ ಪಾಚಿಗಿಂತಲೂ ಕಡಿಮೆ ಸುಣ್ಣ ಕಟ್ಟಿತು. ಮೇಷ್ಟ್ರು ‘ಇನ್ನೂ ಊದ್ರೋ’ ಎಂದದ್ದು ನನಗೆ ನೆನಪಾದದ್ದು ಈ ಸಾಲನ್ನು ಓದುವಾಗ. ಒಂದು ವರ್ಷಕ್ಕೆ ನಿಲ್ಲಿಸಿದ್ದರೆ ಲೋಟ ಬೆಳ್ಳಗೇ ಇರುತ್ತಿತ್ತು.

ಹಾಗೆಂದು 2016ರದ್ದೇ ಕೊನೆಯ ಮಾತು ಎಂದು ನಾನು ಹೇಳಲಾರೆ. ಸೀಸೆಯೂ ಒಂದು ಪರಿಸರ, ಅದೂ ಆರಿಸುತ್ತದೆ. ನಾಲ್ಕು ವರ್ಷದಲ್ಲಿ 400ರ ನೀರಿನಲ್ಲಿದ್ದ ಕೋಶಗಳೂ ಗಾತ್ರದಲ್ಲಿ ಕುಗ್ಗಿದ್ದವು. ಹೆಚ್ಚು ಅನಿಲ ಆ ಕುಗ್ಗುವಿಕೆಯನ್ನು ಜೋರು ಮಾಡಿತು ಅಷ್ಟೇ. ಸೀಸೆಯಲ್ಲಿ ಪೋಷಕಾಂಶಕ್ಕೆ ಬರವಿಲ್ಲ, ತಿನ್ನಲು ಬರುವ ಪ್ರಾಣಿಗಳಿಲ್ಲ, ಕಡಲಿನಲ್ಲಿ ಈ ಪಾಚಿಯ ಹಬ್ಬುವಿಕೆಗೆ ಕೊನೆ ಹಾಡುವ ವೈರಸ್ಸಿಲ್ಲ. ಸುಣ್ಣದ ಕವಚ ಪಾಚಿಗೆ ಏಕೆ ಬೇಕು ಎಂಬುದೇ ಇನ್ನೂ ಚರ್ಚೆಯಲ್ಲಿರುವಾಗ, ಕಾವಲು ಬೇಕಿಲ್ಲದ ಕಡೆ ಅದು ಕವಚ ಕಳಚಿತು ಎಂಬುದನ್ನು ಕಡಲಿಗೆ ನೇರವಾಗಿ ಅನ್ವಯಿಸಲಾಗದು. ಬೆಳವಣಿಗೆಯ ವೇಗ ಒಂದನ್ನೇ ಯೋಗ್ಯತೆಯ ಅಳತೆಗೋಲಾಗಿ ಹಿಡಿದದ್ದೂ ಎರಡೂ ಪ್ರಬಂಧಗಳ ಕೊರತೆ ಎಂದೇ ನನ್ನ ಎಣಿಕೆ.

ಈ ಕೊರತೆಯನ್ನು ಎದ್ದು ತೋರಿಸಿದ್ದೂ ರೀಬೆಸೆಲ್ ಅವರ ತಂಡವೇ. 2011ರಲ್ಲಿ ಬೆರ್ಗೆನ್ ಸಮೀಪದ ರೌನೆಫ್ಯೋರ್ಡ್‌ನಲ್ಲಿ ದೈತ್ಯ ಚೀಲಗಳನ್ನು ಕಡಲಿಗೇ ಇಳಿಬಿಟ್ಟು, ಒಳಗೆ ಸಿಕ್ಕ ಜೀವಸಮೂಹವನ್ನು ಹಾಗೆಯೇ ಇಟ್ಟು, ಅನಿಲ ಹೆಚ್ಚಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೆಚ್ಚು ಅನಿಲದ ಚೀಲಗಳಲ್ಲಿ ಈ ಪಾಚಿ ಹಬ್ಬಲೇ ಇಲ್ಲ. ಬೆಳವಣಿಗೆಯಲ್ಲಿ ಆದ ಸಣ್ಣ ಹಿನ್ನಡೆಯೇ, ತಿನ್ನುವವರೂ ಪೈಪೋಟಿಯವರೂ ಇರುವ ಜಾಗದಲ್ಲಿ, ವಾರವಾರಕ್ಕೂ ಸಂಖ್ಯೆಯನ್ನು ಕರಗಿಸಿತು. ಅದೇ ಚಕ್ರಬಡ್ಡಿ, ಸಾಲದ ಕಡೆಯಿಂದ. ವಿಕಾಸ ಕಂಡದ್ದು 500 ತಲೆಮಾರಿನ ಮೇಲೆ. ಆ ತಲೆಮಾರುಗಳು ಕಳೆಯುವ ತನಕ ಜಾಗ ಬಿಟ್ಟುಕೊಡದೆ ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಸೀಸೆಯಲ್ಲಿ ಏಳುವುದೇ ಇಲ್ಲ.

ನಮ್ಮ ಕರಾವಳಿಯವರು ಈ ಫಲಿತಾಂಶಗಳನ್ನು ಓದುವಾಗ ಒಂದು ಎಚ್ಚರ ಬೇಕು. ಮಂಗಳೂರಿನವರು ಬೂತಾಯಿ ಎನ್ನುವ, ಕಾರವಾರದ ಕಡೆ ತಾರ್ಲೆ ಎನ್ನುವ ಮೀನಿನ ಮುಖ್ಯ ಆಹಾರ ಡಯಾಟಮ್‌ಗಳು. ಅವುಗಳ ಕವಚ ಸಿಲಿಕಾದ್ದು, ಸುಣ್ಣದ್ದಲ್ಲ. ಅಲ್ಲದೆ ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಆಳದ ನೀರು ಮೇಲೇಳುತ್ತದೆ. ಆಮ್ಲಜನಕ ಕಡಿಮೆಯಾದ, ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ ನೀರು ಅದು. ವರ್ಷವರ್ಷವೂ ಇಂಥ ಏರಿಳಿತ ಕಾಣುವ ಪ್ಲವಕಗಳು ಬೆರ್ಗೆನ್ನಿನ ಪಾಚಿಯಂತೆಯೇ ವರ್ತಿಸಬೇಕೆಂದಿಲ್ಲ. ಆಸ್ಟ್ರಿಯೋಕಾಕಸ್ ಎಂಬ ಪುಟಾಣಿ ಹಸಿರು ಪಾಚಿಯ ಮೇಲೆ ಎಲಿಸಾ ಶೌಮ್ ಮತ್ತು ಸಿನೆಯಾಡ್ ಕಾಲಿನ್ಸ್ ಮಾಡಿದ ಕೆಲಸದಲ್ಲಿ, ಏರಿಳಿತದಲ್ಲಿ ಬೆಳೆದವು ಹೆಚ್ಚು ಬಾಗುವ ಗುಣ ಪಡೆದವು, ಬಾಗಬಲ್ಲವೇ ಹೆಚ್ಚು ವಿಕಾಸವನ್ನೂ ಹೊಂದಿದವು. ಬೂತಾಯಿಯ ಬುತ್ತಿಯ ಬಗ್ಗೆ ತಿಳಿಯಬೇಕಾದರೆ ನಮ್ಮ ನೀರಿನಲ್ಲೇ, ನಮ್ಮ ಮುಂಗಾರಿನ ಲಯದಲ್ಲೇ, ವರ್ಷಗಟ್ಟಲೆ ಹೆಪ್ಪು ಹಾಕುವ ಕೆಲಸ ಆಗಬೇಕು.

2016ರ ಪ್ರಬಂಧದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ಅದರ ಕೊನೆಯ ಪರೀಕ್ಷೆ. ಸುಣ್ಣ ಕಟ್ಟುವ ವಿದ್ಯೆಯೇ ವಂಶದಿಂದ ಅಳಿಸಿಹೋಯಿತೇ ಎಂದು ತಿಳಿಯಲು, ನಾಲ್ಕು ವರ್ಷ ಹೆಚ್ಚು ಅನಿಲದಲ್ಲಿ ಬಾಳಿದ ಪಾಚಿಯನ್ನು ವಾಪಸು 400ರ ನೀರಿಗೆ ಬಿಟ್ಟರು. ನೀರು ಹಳೆಯದಾಯಿತು, ಪಾಚಿ ಬದಲಾದದ್ದೇ. ಬಿಲ್ಲೆಗಳು ಮತ್ತೆ ಬಂದವು, ಎಂದೂ ಆ ನೀರು ಬಿಟ್ಟು ಹೋಗದ ಪಾಚಿ ಕಟ್ಟುವಷ್ಟೇ. 2100 ತಲೆಮಾರಿನಲ್ಲಿ ಅದು ವಿದ್ಯೆಯನ್ನು ಮರೆತಿರಲಿಲ್ಲ, ಆ ನೀರಿನಲ್ಲಿ ಅದನ್ನು ಬಳಸುವುದನ್ನು ತಗ್ಗಿಸಿತ್ತು.